ಹೊಸ ಫಿಲ್ಟರ್ ಹಾಕಿದರೂ 20 ಕಿ.ಮೀ.ಗೆ ನಿಲ್ಲುವ ಹಳೇ ಡೀಸೆಲ್ ಕಾರು: ಟ್ಯಾಂಕ್ ಇಳಿಸಲೇಬೇಕಾ?

ಇಳಿಸಲೇಬೇಕು. ಆದರೆ ಮೊದಲು ಖಾತ್ರಿ ಮಾಡಿಕೊಳ್ಳಿ. ಎರಡು ಮಳೆಗಾಲ ಓಡಿಸದೆ ನಿಲ್ಲಿಸಿದ್ದ ಗಾಡಿ ಈಗ ಓಡುತ್ತಾ ಓಡುತ್ತಾ ಸೊರಗಿ ನಿಂತು, ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗುತ್ತದೆ ಎಂದಿದ್ದೀರಿ. ಟ್ಯಾಂಕಿನ ಗಸಿ ಒಳಗಿನ ಪೈಪಿನ ಜಾಲರಿಗೆ ಅಂಟಿ, ಎಂಜಿನ್ ನಿಂತಾಗ ಉದುರಿದರೆ ಹೀಗೇ ಆಗುತ್ತದೆ. 5 ಲೀಟರ್ ಕ್ಯಾನಿಗೆ ಹೊಸ ಡೀಸೆಲ್ ಹಾಕಿ, ಫೀಡ್ (ಎಂಜಿನ್ನಿಗೆ ಡೀಸೆಲ್ ಒಯ್ಯುವ) ಮತ್ತು ರಿಟರ್ನ್ (ಉಳಿದದ್ದನ್ನು ಟ್ಯಾಂಕಿಗೆ ಮರಳಿಸುವ) ಪೈಪು ಎರಡನ್ನೂ ಅದಕ್ಕೇ ಬಿಟ್ಟು ನಿಂತಲ್ಲೇ ಅರ್ಧ ಗಂಟೆ ರೇಸ್‌ನಲ್ಲಿಡಿ. ಕ್ಯಾನ್ ಸೈಲೆನ್ಸರ್ ಪೈಪಿನಿಂದ ದೂರವಿರಲಿ. ಎಂಜಿನ್ ನಿಲ್ಲದಿದ್ದರೆ ದೋಷ ಟ್ಯಾಂಕಿನ ಕಡೆಯದೇ; ಪಂಪು, ನಾಜಲ್ ಮುಟ್ಟಬೇಡಿ.

ಎರಡು ಮಳೆಗಾಲ ಅರೆತುಂಬಿದ ಟ್ಯಾಂಕಿನಲ್ಲಿ ನಿಂತ ಗಾಡಿ ಅಂದರೆ ತಳದಲ್ಲಿ ನೀರು ಇದ್ದೇ ಇರುತ್ತದೆ. ನೀರೂ ಡೀಸೆಲ್ಲೂ ಸೇರುವ ಗೆರೆಯಲ್ಲಿ ಬ್ಯಾಕ್ಟೀರಿಯಾ, ಬೂಷ್ಟು ಬೆಳೆದು ಕಪ್ಪು ಲೋಳೆಯಾಗುತ್ತದೆ. ಈ ಹಂತದಲ್ಲಿ ಅದನ್ನು ಕೊಲ್ಲುವ ಬಾಟಲಿ ಔಷಧಿ ಸುರಿಯುವುದು ದುಡ್ಡು ದಂಡ: ಸತ್ತ ಲೋಳೆಯೆಲ್ಲ ಎದ್ದು ಫಿಲ್ಟರ್ ಕಟ್ಟುತ್ತದೆ. ಔಷಧಿ ಏನಿದ್ದರೂ ಟ್ಯಾಂಕ್ ತೊಳೆದ ಮೇಲೆ.

ಬ್ಯಾಟರಿ ನೆಗೆಟಿವ್ ಬಿಚ್ಚಿ, ಡ್ರೈನ್ ಬೋಲ್ಟಿನಿಂದ ಡೀಸೆಲ್ ಖಾಲಿ ಮಾಡಿ. ಪೈಪುಗಳಿಗೆ ಗುರುತು ಹಾಕಿ, ಟ್ಯಾಂಕ್ ಇಳಿಸಿ, ಡೀಸೆಲ್ ಮಟ್ಟ ತೋರಿಸುವ ಫ್ಲೋಟ್ ತೆಗೆದಿಡಿ. ಒಳಗೆ ಅಡ್ಡ ತಗಡುಗಳಿರುವುದರಿಂದ ಕೈ ಹಾಕಿ ಒರೆಸಲಾಗದು. 4-5 ಲೀಟರ್ ಡೀಸೆಲ್ ಹಾಕಿ ಎಲ್ಲ ಮಗ್ಗುಲಿಗೂ ಕುಲುಕಿ, ಬಿಳಿ ಬಟ್ಟೆಯಲ್ಲಿ ಸೋಸಿ. ಬಟ್ಟೆ ಬೆಳ್ಳಗುಳಿಯುವವರೆಗೆ ಇದೇ ಕೆಲಸ.

ಟಾರ್ಚ್ ಬೆಳಕು ಬಿಟ್ಟು ನೋಡಿ ತುಕ್ಕು ಕಂಡರೆ ಮಾತ್ರ ಮುಂದಿನದು. ಡೀಸೆಲ್ ಜಿಡ್ಡನ್ನು ಸೋಪಿನ ನೀರಲ್ಲಿ ತೆಗೆದು, 10 ಲೀಟರ್ ಬಿಸಿನೀರಿಗೆ ಅರ್ಧ ಕೆ.ಜಿ. ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ಲೆಕ್ಕದಲ್ಲಿ ತುಂಬಿ ರಾತ್ರಿಯಿಡೀ ಬಿಡಿ. ಮರುದಿನ ಅಡುಗೆ ಸೋಡಾ ನೀರು, ಆಮೇಲೆ ಸಾದಾ ನೀರು, ಕೂಡಲೇ ಬ್ಲೋವರ್. ಒಣಗಿದ ಕ್ಷಣಕ್ಕೇ ಒಂದು ಲೀಟರ್ ಡೀಸೆಲ್ ಆಡಿಸದಿದ್ದರೆ ಸಂಜೆಯೊಳಗೆ ಕೆಂಪು ತುಕ್ಕು ಮತ್ತೆ ಹತ್ತುತ್ತದೆ. ಒಳಲೇಪ ಚೆನ್ನಾಗಿದ್ದರೆ ನಿಂಬೆ ಉಪ್ಪು ಬೇಡ, ಅದು ಲೇಪವನ್ನೂ ತಿನ್ನುತ್ತದೆ. ತೂತು ಕಂಡರೆ ವೆಲ್ಡಿಂಗ್‌ಗೆ ಕೊಡುವ ಧೈರ್ಯ ಮಾಡಬೇಡಿ; ಖಾಲಿ ಟ್ಯಾಂಕಿನಲ್ಲಿ ಉಳಿದ ಆವಿಯೇ ಸಿಡಿಯುವುದು. ಒಳಗೆ ಬಳಿಯುವ ಸೀಲರ್ ಕೂಡ ನಾನು ಒಪ್ಪುವುದಿಲ್ಲ, ಸರಿಯಾಗಿ ಹಿಡಿಯದಿದ್ದರೆ ಸಿಪ್ಪೆ ಎದ್ದು ಮತ್ತೆ ಜಾಲರಿಗೇ ಬರುತ್ತದೆ.

ಅನೇಕರು ಮರೆಯುವುದು ಪೈಪುಗಳನ್ನು. ಫಿಲ್ಟರ್ ಕಡೆಯಿಂದಲೂ ಬಿಚ್ಚಿ, ಮುಂದಿನಿಂದ ಹಿಂದಕ್ಕೆ ಗಾಳಿ ಹೊಡೆಯಿರಿ, ರಿಟರ್ನ್ ಲೈನಿಗೂ. ಫೀಡ್ ಪಂಪಿನ ಜಾಲರಿ ತೊಳೆಯಿರಿ. ಪೈಪು ಜೋಡಿಸುವಲ್ಲಿನ ತಾಮ್ರದ ವಾಷರ್ ಹೊಸದೇ ಹಾಕಿ; ಹಳೆಯದರಿಂದ ಏರ್ ಎಳೆದು ಬೆಳಿಗ್ಗೆ ಸ್ಟಾರ್ಟಿಂಗ್ ತೊಂದರೆ ಶುರುವಾದರೆ ಟ್ಯಾಂಕನ್ನೇ ಅನುಮಾನಿಸುತ್ತಾ ಕೂರುತ್ತೀರಿ.

ಜೋಡಿಸಿ 10 ಲೀಟರ್ ಡೀಸೆಲ್ ಹಾಕಿ, ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಹ್ಯಾಂಡ್ ಪ್ರೈಮರ್ (ಡೀಸೆಲ್ ಎಳೆಯುವ ಕೈಪಂಪು) ಒತ್ತಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಬೇಡ. 100 ಕಿ.ಮೀ. ಆದ ಮೇಲೆ ಫಿಲ್ಟರ್ ತಳದ ನೀರು ಬಿಟ್ಟು ನೋಡಿ, 500ಕ್ಕೆ ಫಿಲ್ಟರ್ ಬದಲಿಸಿ. ಟ್ಯಾಂಕಿನ ಮುಚ್ಚಳದ ರಬ್ಬರ್ ಸೀಳಿದ್ದರೆ ಅದನ್ನೂ ಬದಲಿಸಿ, ಮಳೆನೀರು ಇಳಿಯುವ ದಾರಿ ಅದೂ ಒಂದು.