ಮೀಟರ್‌ನಲ್ಲಿ ಕಾಯಿಲ್ ಸರಿ ಇದೆ, ಗಾಡಿ ಮಾತ್ರ ಮಿಸ್ಸಿಂಗ್ ಹೊಡೀತಿದೆ ಅನ್ನೋರಿಗೆ

ಮನೇಲಿ ಇಗ್ನಿಷನ್ ಕಾಯಿಲ್ (ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಹೊಡೆಯೋಷ್ಟು ವೋಲ್ಟೇಜ್ ಕೊಡೋ ಭಾಗ) ಚೆಕ್ ಮಾಡೋಕೆ ಮಲ್ಟಿಮೀಟರ್‌ನಲ್ಲಿ ಎಷ್ಟು ಓಮ್ಸ್ ಬರ್ಬೇಕು ಅಂತ ಕೇಳಿದೀರ. ಇದೇ ಪ್ರಶ್ನೆ ಹಿಡ್ಕೊಂಡು ನಾನು ಎರಡು ತಿಂಗಳು ಒದ್ದಾಡಿದೀನಿ. ನಂದು ನಾಲ್ಕು ಸಿಲಿಂಡರ್‌ನ ಹಳೇ ಪೆಟ್ರೋಲ್ ಕಾರು, ಮಂಗಳೂರಿಂದ ಹಾಸನಕ್ಕೆ ವಾಪಸ್ ಬರ್ತಾ ಶಿರಾಡಿ ಘಾಟಿ ಹತ್ತುವಾಗ ಜರ್ಕ್ ಹೊಡೆಯೋಕೆ ಶುರುವಾಯ್ತು, ಪಿಕಪ್ಪೇ ಇಲ್ಲ, ಚೆಕ್ ಇಂಜಿನ್ ಲೈಟ್ ಮಿಣುಕ್ತಿದೆ. ಮಾರನೇ ದಿನ ಬೆಳಗ್ಗೆ ನಾಲ್ಕೂ ಕಾಯಿಲ್ ಬಿಚ್ಚಿ ಅಳೆದೆ, ಪ್ರೈಮರಿ (ಬ್ಯಾಟರಿ ಕರೆಂಟ್ ಹೋಗೋ ಸುತ್ತು) ಸುಮಾರು 1 ಓಮ್, ಸೆಕೆಂಡರಿ (ಪ್ಲಗ್ಗಿಗೆ ಕೊಡೋ ಸುತ್ತು) 10 ಸಾವಿರದ ಆಸುಪಾಸು, ಎಲ್ಲಾ ಒಂದೇ ಥರ. ಕಾಯಿಲ್ ಚೆನ್ನಾಗಿದೆ ಅಂತ ನಂಬ್ಕೊಂಡು ಪ್ಲಗ್ ಬದಲಾಯಿಸ್ದೆ, ಇಂಜೆಕ್ಟರ್ ಕ್ಲೀನ್ ಮಾಡಿಸ್ದೆ, ಗಾಡಿ ಓಡಿಸ್ತಾನೇ ಇದ್ದೆ.

ಕೆಟ್ಟಿದ್ದು ಅಲ್ಲೇ. ನಾನು ಅಳೆದಿದ್ದು ರಾತ್ರಿಯೆಲ್ಲಾ ತಣ್ಣಗೆ ಕೂತಿದ್ದ ಕಾಯಿಲ್‌ನ. ಓಮ್ಸ್ ಅಳೆಯೋಕೆ ಮೀಟರ್ ಬಿಡೋದು ಕೆಲವೇ ವೋಲ್ಟ್, ಕಾಯಿಲ್ ದುಡಿಯೋದು 20-30 ಸಾವಿರ ವೋಲ್ಟ್‌ನಲ್ಲಿ. ಒಳಗಿನ ಕೂದಲಿನಂಥ ತಂತಿಯ ಇನ್ಸುಲೇಷನ್ ಎಲ್ಲೋ ಒಂದು ಕಡೆ ಹಾಳಾಗಿದ್ರೆ ಅಷ್ಟು ಕಮ್ಮಿ ವೋಲ್ಟಿಗೆ ಅದು ಕಾಣ್ಸೋದೇ ಇಲ್ಲ. ಇಂಜಿನ್ ಕಾಯ್ಬೇಕು, ಏರು ಬರ್ಬೇಕು, ಸಿಲಿಂಡರ್ ಒಳಗೆ ಒತ್ತಡ ಜಾಸ್ತಿಯಾಗಿ ಪ್ಲಗ್ಗಿಗೆ ಇನ್ನೂ ಹೆಚ್ಚು ವೋಲ್ಟೇಜ್ ಬೇಕಾಗ್ಬೇಕು, ಆಗ ಕರೆಂಟು ಪ್ಲಗ್ ತನಕ ಹೋಗದೆ ಕಾಯಿಲ್ ಒಳಗೇ ಲೀಕ್ ಆಗತ್ತೆ. ಮನೆ ಮುಂದೆ ಐಡಲಿಂಗ್‌ನಲ್ಲಿ ನನ್ ಗಾಡಿ ಸದ್ದಿಲ್ದೆ ನಿಂತಿರ್ತಿತ್ತು, ಅದನ್ನೂ ನಂಬಿದೆ. ಅಷ್ಟರಲ್ಲಿ ಉರಿಯದ ಪೆಟ್ರೋಲು ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ (ಇಂಜಿನ್ ಹೊಗೆ ಶುದ್ಧ ಮಾಡೋ ಭಾಗ) ಉರಿದು ಅದು ಒಳಗೇ ಕರಗಿ ಕಟ್ಕೊಂಡ್ಬಿಡ್ತು. ಒಂದು ಕಾಯಿಲ್ ದುಡ್ಡಲ್ಲಿ ಮುಗೀಬೇಕಿದ್ದ ಕೆಲ್ಸ.

ಅದಕ್ಕೇ ಹೇಳ್ತೀನಿ, ಓಮ್ಸ್ ಲೆಕ್ಕ ಬಿಡಿ. ಈಗಿನ ಎಷ್ಟೋ ಕಾಯಿಲ್‌ಗಳಲ್ಲಿ ಒಳಗೇ ಇಗ್ನೈಟರ್ (ಕಾಯಿಲ್‌ನ ಆನ್-ಆಫ್ ಮಾಡೋ ಎಲೆಕ್ಟ್ರಾನಿಕ್ ಸ್ವಿಚ್) ಇರತ್ತೆ, ಅವುಗಳ ಪ್ರೈಮರಿ ಮೀಟರ್‌ಗೆ ಸಿಗೋದೂ ಇಲ್ಲ. ಒಂದು ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್‌ನಲ್ಲಿರೋ ದೋಷದ ಕೋಡ್ ಓದೋ ಸಾಧನ) ತಗೊಳ್ಳಿ. ಪಿ0302 ಅಂತ ಬಂದ್ರೆ ಎರಡನೇ ಸಿಲಿಂಡರ್ ಮಿಸ್ ಆಗ್ತಿದೆ, ಅಂದ್ರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರೀತಿಲ್ಲ ಅಂತ. ಇಗ್ನಿಷನ್ ಆಫ್ ಮಾಡಿ, ಎರಡನೇದರ ಕಾಯಿಲ್ ಮೂರಕ್ಕೆ, ಮೂರರದ್ದು ಎರಡಕ್ಕೆ ಹಾಕಿ, ಕೋಡ್ ಅಳಿಸಿ, ಹತ್ರದ ಏರಿನಲ್ಲಿ ಒಂದು ರೌಂಡ್ ಹೊಡೀರಿ, ಲೈಟ್ ಮಿಣುಕಿದ ತಕ್ಷಣ ಆಕ್ಸಿಲರೇಟರ್ ಬಿಡಿ. ಪಿ0303 ಆಯ್ತು ಅಂದ್ರೆ ಕಾಯಿಲ್ಲೇ ಕಳ್ಳ, 0302ರಲ್ಲೇ ನಿಂತ್ರೆ ಪ್ಲಗ್, ಇಂಜೆಕ್ಟರ್ ಕಡೆ ನೋಡಿ. ನನಗೆ ಕೊನೆಗೆ ಸಿಕ್ಕಿದ್ದೂ ಹಿಂಗೇ, ಅರ್ಧ ಗಂಟೇಲಿ.

ಕಾಯಿಲ್ ಕೈಲಿ ಹಿಡ್ದು ಕಿಡಿ ನೋಡೋದು ಮಾತ್ರ ಬೇಡ್ವೇ ಬೇಡ, ಶಾಕ್ ಹೊಡೆಯತ್ತೆ, ಇಂಜಿನ್ ನಡೆಸೋ ಕಂಪ್ಯೂಟರ್ ಇಸಿಯುಗೂ ಪೆಟ್ಟು ಬೀಳ್ಬಹುದು. ಬಿಚ್ಚಿದಾಗ ಪ್ಲಗ್ ಗುಂಡಿಯೊಳಗೆ ಟಾರ್ಚ್ ಬಿಟ್ಟು ನೋಡಿ, ಆಯಿಲ್ ನಿಂತಿದ್ರೆ ಟ್ಯಾಪೆಟ್ ಕವರ್ (ಇಂಜಿನ್ ಮೇಲಿನ ಮುಚ್ಚಳ) ಪ್ಯಾಕಿಂಗ್ ಮೊದ್ಲು ಹೊಸದು ಹಾಕ್ಸಿ, ಇಲ್ದಿದ್ರೆ ಹೊಸ ಕಾಯಿಲ್‌ನ ರಬ್ಬರೂ ಹಾಳಾಗತ್ತೆ.