ಗೇಟ್‌ವಾಲ್ವಿನ ಹಿಡಿ ಯಾರ ಕಿಸೆಯಲ್ಲಿ?

ಪತ್ರ: ಮಾನ್ಯ ಸಂಪಾದಕರೇ, ನಾನು ನಿವೃತ್ತ ಶಿಕ್ಷಕ. ನಿವೃತ್ತಿಯ ಹಣದಲ್ಲಿ ನಿಟುವಳ್ಳಿಯ ನಮ್ಮ ಮನೆಯ ಮೇಲೊಂದು ಮಹಡಿ ಕಟ್ಟಿಸಿ, 60,000 ರೂಪಾಯಿ ಮುಂಗಡ ಪಡೆದು, ತಿಂಗಳಿಗೆ 9,000 ಬಾಡಿಗೆಗೆ ಕೊಟ್ಟಿದ್ದೇನೆ. ಹನ್ನೊಂದು ತಿಂಗಳ ಕರಾರು ಮುಗಿದು ಎರಡು ವರ್ಷವಾಯಿತು. ಈಗ ಎರಡು ತಿಂಗಳ ಬಾಡಿಗೆ ಬಾಕಿ ಇದೆ. ನೀರು ನಿಲ್ಲಿಸಿದರೆ ತಾವಾಗಿ ದಾರಿಗೆ ಬರುತ್ತಾರೆಂದು ಹಿತೈಷಿಗಳು ಹೇಳುತ್ತಾರೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಊರ ಪದ್ಧತಿ. ಅದಕ್ಕೂ ಅವರ ತಕರಾರು. ಕಾನೂನೆಲ್ಲ ಬಾಡಿಗೆದಾರರ ಪರ ಇರುವಾಗ ಮನೆ ಕಟ್ಟಿಸಿದವನ ಗತಿಯೇನು? – ಓದುಗರೊಬ್ಬರು, ದಾವಣಗೆರೆ

ಉತ್ತರ: ಮೇಷ್ಟ್ರೇ, ನಿಮ್ಮ ಕಷ್ಟ ಸುಳ್ಳಲ್ಲ. ಜೀವಮಾನದ ಉಳಿತಾಯವನ್ನು ಇಟ್ಟಿಗೆ ಸಿಮೆಂಟಿಗೆ ಸುರಿದವರಿಗೆ ಎರಡು ತಿಂಗಳ ಬಾಕಿ ಸಣ್ಣದಲ್ಲ. ಮನೆ ಬಿಡಿಸುವ ದಾವೆ ವರ್ಷಗಟ್ಟಲೆ ಎಳೆಯುವುದೂ ಉಂಟು. ಇಷ್ಟನ್ನು ಒಪ್ಪಿಕೊಂಡ ಮೇಲೆ ಉಳಿದದ್ದನ್ನು ನಿಷ್ಠುರವಾಗಿಯೇ ಹೇಳುತ್ತೇನೆ. ಈ ವಿಷಯದಲ್ಲಿ ನನ್ನ ಪಕ್ಷಪಾತ ಬಹಳ ಹಳೆಯದು.

ಈ ಊರಿಗೆ ಹೊಸದಾಗಿ ಬಂದಾಗ ನಾನು ಹಳೇಪೇಟೆಯ ಆರು ಮನೆಗಳ ವಠಾರವೊಂದರಲ್ಲಿದ್ದೆ. ಅಲ್ಲಿದ್ದವರಲ್ಲಿ ಹೆಚ್ಚಿನವರು ಹತ್ತಿ ಗಿರಣಿಯ ಕೆಲಸಗಾರರು. ಯಾರದಾದರೂ ಬಾಡಿಗೆ ಐದನೇ ತಾರೀಖು ದಾಟಿದರೆ ಮಾಲೀಕರು ಬಂದು, ಒಂದು ಮಾತೂ ಆಡದೆ, ಗೇಟ್‌ವಾಲ್ವಿನ ಕೆಂಪು ಹಿಡಿಯ ನಟ್ಟು ಬಿಚ್ಚಿ, ಹಿಡಿಯನ್ನು ಜುಬ್ಬದ ಕಿಸೆಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು. ಬಾಕಿ ಒಬ್ಬರದು, ನೀರಿಲ್ಲದ್ದು ಆರೂ ಮನೆಗೆ. ರಾತ್ರಿ ಪಾಳಿ ಮುಗಿಸಿ ಬಂದ ನೆರೆಮನೆಯವರು, ತಲೆಗೂದಲಿಗೆ ಅಂಟಿದ ಹತ್ತಿಯ ಎಳೆಯನ್ನೂ ಕೊಡವದೆ, ಆ ಬೋಳು ಕಡ್ಡಿಯನ್ನು ಇಕ್ಕಳದಿಂದ ತಿರುಗಿಸಲು ಹೆಣಗುತ್ತಿದ್ದುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ನಿಮ್ಮ ಹಿತೈಷಿಗಳು ನಿಮಗೆ ಹೇಳಿಕೊಡುತ್ತಿರುವುದು ಇದನ್ನೇ.

ಮನೆ ನಿಮ್ಮದು, ನಿಜ. ಆದರೆ ಬಾಡಿಗೆಗೆ ಕೊಟ್ಟಾಗ ಅದರ ಅನುಭೋಗವನ್ನು ನೀವು ಬೇರೊಬ್ಬರಿಗೆ ವರ್ಗಾಯಿಸಿದಿರಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ಬಾಡಿಗೆ ಕೊಡುತ್ತ ಷರತ್ತು ಪಾಲಿಸುವವರೆಗೆ ಒಳಗಿರುವವರಿಗೆ ನೆಮ್ಮದಿಯ ಅನುಭೋಗ ಸಿಗಬೇಕು, ಮನೆಯ ಮರೆಯಲ್ಲಿರುವ ದೋಷವನ್ನು ಮಾಲೀಕರು ಮೊದಲೇ ತಿಳಿಸಬೇಕು, ಮಾಲೀಕರು ಮಾಡಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಬಾಡಿಗೆ ನಿಂತಿತೆಂದು ಶಿಕ್ಷೆ ವಿಧಿಸುವ ಅಧಿಕಾರ ಮಾಲೀಕರಿಗೆ ಬರುವುದಿಲ್ಲ. ಆ ಕೆಲಸ ನ್ಯಾಯಾಲಯದ್ದು. ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯ್ದೆ ಅವಕಾಶ ಕೊಟ್ಟಿದೆ. ವಿದ್ಯುತ್ತು ಮೂಲಭೂತ ಸೌಕರ್ಯ, ಮಾಲೀಕರ ಒಪ್ಪಿಗೆ ಇಲ್ಲವೆಂಬ ಕಾರಣಕ್ಕೆ ಬಾಡಿಗೆದಾರರಿಗೆ ಅದನ್ನು ನಿರಾಕರಿಸಲಾಗದು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ನೀರಿಗೆ ಬೇರೆ ನ್ಯಾಯ ಹುಡುಕಬೇಡಿ.

ಕಾನೂನೆಲ್ಲ ಬಾಡಿಗೆದಾರರ ಪರ ಎಂದಿರಲ್ಲ, ಅದು 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದ ಮಾತು. ಅದರ ಜಾಗಕ್ಕೆ ಬಂದು 2001ರ ಕೊನೆಯ ದಿನ ಜಾರಿಯಾದ ಬಾಡಿಗೆ ಕಾಯ್ದೆ, ಪ್ರದೇಶವನ್ನು ಅನುಸರಿಸಿ ತಿಂಗಳಿಗೆ 3,500 ಅಥವಾ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ಹೊರಗಿಟ್ಟಿದೆ. ನಿಮ್ಮ ಮಹಡಿ ಹೊರಗಿನದು. ನಿಮ್ಮ ಬಾಡಿಗೆದಾರರಿಗೆ ಆ ರಕ್ಷಣೆಯಿಲ್ಲ ಎಂಬುದು ನಿಮಗೇ ತಿಳಿದಿರಲಿಲ್ಲ, ನೋಡಿ.

ಇನ್ನು ಸುಣ್ಣಬಣ್ಣ. ಸಹಜವಾದ ಸವಕಳಿಯನ್ನು ಬಿಟ್ಟು, ಪಡೆದ ಸ್ಥಿತಿಯಲ್ಲೇ ಮನೆಯನ್ನು ಒಪ್ಪಿಸಬೇಕೆನ್ನುತ್ತದೆ ಅದೇ 1882ರ ಕಾಯ್ದೆ. ಮೂರು ವರ್ಷ ಸಂಸಾರ ನಡೆದ ಮನೆಯ ಗೋಡೆ ಮಾಸುವುದು ಸವಕಳಿಯಲ್ಲದೆ ಮತ್ತೇನು? ಕರಾರಿನಲ್ಲಿ ಬರೆದುಕೊಂಡಿದ್ದರೆ ಮಾತು ಬೇರೆ. ಕಾಯ್ದೆ ಸ್ಥಳೀಯ ರೂಢಿಯನ್ನೂ ಮನ್ನಿಸುವುದರಿಂದ ನಿಮ್ಮ ವಕೀಲರು ಆ ಎಳೆ ಹಿಡಿದಾರು. ಆದರೆ ರೂಢಿಯನ್ನು ಸಾಬೀತು ಮಾಡುವ ಹೊಣೆ ನಿಮ್ಮದೇ. ಕೇಂದ್ರ ಸಂಪುಟವು 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಂತೂ ಗೋಡೆಯ ಸುಣ್ಣ, ಬಾಗಿಲು ಕಿಟಕಿಯ ಬಣ್ಣಗಳನ್ನು ಮಾಲೀಕರ ಪಾಲಿಗೇ ಬರೆದು, ವಾಸದ ಮನೆಗೆ ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆಂದಿದೆ. ರಾಜ್ಯಗಳು ಅಳವಡಿಸಿಕೊಳ್ಳುವವರೆಗೆ ಅದು ಬರಿಯ ಮಾದರಿ, ಅಷ್ಟೆ. ಆ ಲೆಕ್ಕದಲ್ಲಿ ನೀವು 18,000 ಪಡೆಯಬೇಕಿತ್ತು.

ಕಾಗದಕ್ಕೆ ನಾವೇಕೆ ಇಷ್ಟು ಹೆದರುತ್ತೇವೆ? ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕಾಗುತ್ತದೆಂದು ಹನ್ನೊಂದು ತಿಂಗಳಿಗೆ ನಿಲ್ಲಿಸುತ್ತೇವೆ, ಅದು ಮುಗಿದರೆ ನವೀಕರಿಸುವುದಿಲ್ಲ, ರಸೀದಿಯನ್ನಂತೂ ಕೇಳಲೇಬಾರದು. ಗೃಹಜ್ಯೋತಿ ಬಂದಾಗ ಅರ್ಜಿಗೆಂದು ಕರಾರಿನ ಪ್ರತಿ ಕೇಳಿದ ಬಾಡಿಗೆದಾರರನ್ನು ಅನುಮಾನದಿಂದ ನೋಡಿದ ಮಾಲೀಕರನ್ನು ನಾನು ಬಲ್ಲೆ. ಇದೇ ಮಹನೀಯರು ಮನೆ ನೋಡಲು ಬಂದವರನ್ನು ಬಾಡಿಗೆಯ ಮಾತಿಗೆ ಮುಂಚೆ “ನೀವು ಯಾವ ಪೈಕಿ?” ಎಂದು ಕೇಳಿ, ಉತ್ತರ ಹಿಡಿಸದಿದ್ದರೆ ಮನೆ ನಿನ್ನೆಯೇ ಹೋಯಿತೆನ್ನುತ್ತಾರೆ, ಹೊರಗೆ ಬೋರ್ಡು ತೂಗುತ್ತಲೇ ಇರುತ್ತದೆ. ಅಸ್ಪೃಶ್ಯತೆಯ ಕಾರಣಕ್ಕೆ ವಾಸದ ಮನೆಗೆ ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ನಿಮ್ಮನ್ನು ಆ ಸಾಲಿಗೆ ಸೇರಿಸುತ್ತಿಲ್ಲ, ಮೇಷ್ಟ್ರೇ. ನೀವು ಕೇಳಿ ಮಾಡುವವರು, ಅದಕ್ಕೇ ಪತ್ರ ಬರೆದಿದ್ದೀರಿ.

ಈಗ ಲೆಕ್ಕಕ್ಕೆ ಬನ್ನಿ. ಬಾಕಿ 18,000. ನಿಮ್ಮ ಬಳಿ ಅವರ 60,000 ಇದೆ. ಅದು ಟೈಲ್ಸಿಗೆ ಖರ್ಚಾಗಿದ್ದರೂ ಅವರದೇ ಹಣ, ಬಿಡುವ ದಿನ ಎಣಿಸಿ ಕೊಡಬೇಕು. ಮನೆ ಬಿಡಿಸಲೇಬೇಕಿದ್ದರೆ, ಕರಾರು ಮುಗಿದು ತಿಂಗಳಿಂದ ತಿಂಗಳಿಗೆ ನಡೆಯುತ್ತಿರುವ ಬಾಡಿಗೆಯಾದ್ದರಿಂದ, 15 ದಿನಗಳ ಲಿಖಿತ ನೋಟಿಸು ಕೊಡಿ, ಆಮೇಲೆ ದಾವೆ. ಬಿಡಿಸುವ ಮನಸ್ಸಿಲ್ಲದಿದ್ದರೆ ಮೇಲೆ ಹೋಗಿ ಬಾಡಿಗೆ ಏಕೆ ನಿಂತಿತೆಂದು ಒಮ್ಮೆ ಕೇಳಿ. ಇಷ್ಟುದ್ದದ ಪತ್ರದಲ್ಲಿ ಆ ಕಾರಣವನ್ನು ನೀವು ಎಲ್ಲಿಯೂ ಬರೆದಿಲ್ಲ.