ತಗಡಿನ ಹುಳುವಿಗೆ ಅವಸರ ಜಾಸ್ತಿ

ಪ್ರಶ್ನೆ: ಸಾರ್, ಪಿಯುಸಿ ಓದುವ ನನ್ನ ಮಗ ಗುಜರಿ ಅಂಗಡಿಯಿಂದ ವೈಪರ್ ಮೋಟರ್ ತಂದು ಎರಡಡಿ ಉದ್ದದ ರೇಷ್ಮೆಹುಳು ಮಾಡಿದ್ದಾನೆ. ಒಳಗೆ ತಗಡಿನ ಐದು ಬಳೆ, ಮೇಲೆ ಬಿಳಿ ಬಟ್ಟೆ. ಸುಮ್ನೆ ಇಟ್ಟರೆ ಹುಳುವೇ. ಸ್ವಿಚ್ ಹಾಕಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. ಬಟ್ಟೆ ತೆಗೆದು ರಬ್ಬರು ಹಾಕಿಸಬೇಕಾ?
— ಓದುಗರೊಬ್ಬರು, ಶಿಡ್ಲಘಟ್ಟ

ಉತ್ತರ: ಬೇಡ ತಾಯಿ, ದುಡ್ಡು ದಂಡ. ನೀವು ಕಳಿಸಿದ ವಿಡಿಯೋ ನಾಲ್ಕು ಸಲ ನೋಡಿದೆ. ಐದೂ ಬಳೆ ಒಟ್ಟಿಗೆ ಏಳುತ್ತವೆ, ಒಟ್ಟಿಗೆ ಬೀಳುತ್ತವೆ, ಡ್ರಿಲ್ ಪೀರಿಯಡ್ಡಿನ ಹುಡುಗರ ಥರ. ನಾನೂ ಒಮ್ಮೆ ಗಣೇಶನ ಪೆಂಡಾಲಿಗೆ ಇಲಿ ಮಾಡಿ, ಕಿವಿ ಬಾಲ ಎರಡನ್ನೂ ಒಂದೇ ಕಡ್ಡಿಗೆ ಕಟ್ಟಿದ್ದೆ. ಮಕ್ಕಳು ಬಿದ್ದು ಬಿದ್ದು ನಕ್ಕವು.

ನಿಮ್ಮೂರಲ್ಲಿ ಹುಳುವಿಗೆ ಬರವೇ? ಒಂದನ್ನು ಸೊಪ್ಪಿನಿಂದ ಎತ್ತಿ ಮಣೆ ಮೇಲೆ ಬಿಡಿ. ಮೊದಲು ಬಾಲದ ಕಾಲು ಮುಂದೆ ಬರುತ್ತದೆ. ಆಮೇಲೆ ಹೊಟ್ಟೆಯ ನಾಲ್ಕು ಜೊತೆ ಕಾಲು, ಹಿಂದಿನಿಂದ ಸರದಿ ಪ್ರಕಾರ. ಎದೆ, ತಲೆ ಕೊನೆಗೆ. ಆ ಚೂರು ಚೂರು ತಡ ಇದೆಯಲ್ಲ, ಅದನ್ನೇ ನಮ್ಮ ಕಣ್ಣು ಜೀವ ಅಂದುಕೊಳ್ಳುವುದು.

ನೆದರ್‌ಲೆಂಡ್ಸ್‌ನ ಕಲಾವಿದ ಥಿಯೋ ಯಾನ್ಸೆನ್ 1990ರಿಂದ ಕಡಲತೀರದಲ್ಲಿ ಗಾಳಿಗೆ ನಡೆಯುವ ಪ್ರಾಣಿಗಳನ್ನು ಮಾಡುತ್ತಿದ್ದಾರೆ. ಅವಕ್ಕೆ ಚರ್ಮವೂ ಇಲ್ಲ, ಮುಖವೂ ಇಲ್ಲ. ಮನೆ ವೈರಿಂಗಿಗೆ ಹಾಕುವ ಪ್ಲಾಸ್ಟಿಕ್ ಪೈಪೇ ಮೂಳೆ. ಒಂದು ಕಾಲು ಏಳುವಾಗ ಇನ್ನೊಂದು ಮರಳಲ್ಲಿ ಊರಿರುತ್ತದೆ, ಅಷ್ಟೇ. ನಾಯಿ ಕಂಡರೆ ಬೊಗಳೀತು!

ಬಳೆಗಳನ್ನು ಎತ್ತಿ ಇಳಿಸುವ ಕ್ರ್ಯಾಂಕ್, ಅಂದರೆ ತಿರುಗುವ ಸರಳಿಗೆ (ಶಾಫ್ಟ್) ಕೂರಿಸಿದ ಮೊಣಕೈಗಳು, ಅವನ್ನು ಬಿಚ್ಚಲು ಮಗನಿಗೆ ಹೇಳಿ. ಐದೂ ಒಂದೇ ನೇರಕ್ಕಿವೆ. 360ನ್ನು ಐದರಿಂದ ಭಾಗಿಸಿದರೆ 72. ಒಂದೊಂದನ್ನೂ ಪಕ್ಕದ್ದಕ್ಕಿಂತ 72 ಡಿಗ್ರಿ ತಿರುಗಿಸಿ ಕೂರಿಸಲಿ. ಅಲೆ ಬಾಲದಿಂದ ತಲೆಗೆ ಹೋಗಬೇಕು. ಉಲ್ಟಾ ಹೋದರೆ ಶಾಫ್ಟನ್ನು ಇನ್ನೊಂದು ದಿಕ್ಕಿಗೆ ತಿರುಗಿಸಲಿ. ಮೋಟರಿನ ವೇಗವೂ ಜಾಸ್ತಿಯಾಯಿತು. ಚಿಕ್ಕ ಪುಲ್ಲಿಯಿಂದ ದೊಡ್ಡ ಪುಲ್ಲಿಗೆ ಬೆಲ್ಟ್ ಹಾಕಿ ತಗ್ಗಿಸಲಿ. ಬಟ್ಟೆ ಕ್ರ್ಯಾಂಕಿಗೆ ಸುತ್ತಿಕೊಳ್ಳದ ಹಾಗೆ ಹೊಲಿದುಕೊಡಿ.

ಇನ್ನು ತಲೆ. ನನಗೆ ಇಷ್ಟದ ಭಾಗ ಇದೇ. ಹಣ್ಣಾದ ಹುಳು, ಅಂದರೆ ಗೂಡು ಕಟ್ಟಲು ಸಿದ್ಧವಾದದ್ದು, ಚಂದ್ರಿಕೆಯಲ್ಲಿ (ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ತಟ್ಟೆ) ನೂಲು ಬಿಡುವಾಗ ತಲೆಯನ್ನು 8ರ ಹಾಗೆ ಆಡಿಸುತ್ತದೆ. ಇದಕ್ಕೆ ಎರಡೇ ಗೇರ್ ಸಾಕು, 40 ಹಲ್ಲಿನದೊಂದು, 20 ಹಲ್ಲಿನದೊಂದು. ದೊಡ್ಡದು ತಲೆಯನ್ನು ಎಡಕ್ಕೆ ಬಲಕ್ಕೆ ಎಳೆಯಲಿ, ಚಿಕ್ಕದು ಮೇಲೆ ಕೆಳಗೆ. ದೊಡ್ಡದು ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕದು ಎರಡು ಸುತ್ತು. ಅಡ್ಡ ಮಲಗಿದ 8 ಸಿಗುತ್ತದೆ. ಬರೀ ಬಿಲ್ಲಿನ ಆಕಾರ ಬಂತಾ? ಚಿಕ್ಕ ಗೇರನ್ನು ಕಳಚಿ ಐದು ಹಲ್ಲು ಸರಿಸಿ ಕೂರಿಸಿದರೆ ಸರಿಹೋಗುತ್ತದೆ.

ಮೂತಿಗೆ ಪೆನ್ಸಿಲ್ ಕಟ್ಟಿ, ಎದುರಿಗೆ ಕಾಗದ ಹಿಡಿಯಲಿ. ಮುಂದಿನ ಸಲ ವಿಡಿಯೋ ಬೇಡ, ಆ ಕಾಗದ ಕಳಿಸಿ.